ಎರೆನಾಡಿನ ಬೀಬಿಯರು: ನವಲಗುಂದದ ಮಗ್ಗದಿಂದ ತೀರ್ಥದ ಬೀಜ ಬ್ಯಾಂಕಿನವರೆಗೆ

2025ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಆ ವರ್ಷದ ಈಕ್ವೇಟರ್ ಪ್ರಶಸ್ತಿಯನ್ನು ಘೋಷಿಸಿತು. ಬ್ರೆಜಿಲ್, ಪೆರು, ಕೆನ್ಯಾ, ಇಂಡೊನೇಷ್ಯಾಗಳ ಸಮುದಾಯ ಸಂಘಟನೆಗಳ ಪಂಕ್ತಿಯಲ್ಲಿ ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಹೆಸರೂ ಇತ್ತು. ಕುಂದಗೋಳ ತಾಲ್ಲೂಕಿನ ತೀರ್ಥ ಆ ಹಳ್ಳಿ. ಬೀಬಿ ಫಾತಿಮಾ ಸ್ವಸಹಾಯ ಸಂಘ ಅಲ್ಲಿನ ಸಂಘಟನೆ. ನೂರಕ್ಕೂ ಹೆಚ್ಚು ದೇಶಗಳಿಂದ ಬಂದ ನೂರಾರು ನಾಮನಿರ್ದೇಶನಗಳನ್ನು ಸೋಸಿ ಆರಿಸಿದ ಹತ್ತು ಸಂಘಟನೆಗಳಲ್ಲಿ ಭಾರತದ ಪಾಲಿಗೆ ದಕ್ಕಿದ ಏಕೈಕ ಸ್ಥಾನವದು. ಜೀವವೈವಿಧ್ಯ ರಕ್ಷಣೆಯ ನೊಬೆಲ್ ಎಂದು ಪತ್ರಿಕೆಗಳು ಕೊಂಡಾಡುವ ಈ ಪುರಸ್ಕಾರ 2002ರಿಂದ ನಡೆದುಬಂದಿದೆ. 10,000 ಡಾಲರ್ ಮೊತ್ತಕ್ಕಿಂತಲೂ ಮಿಗಿಲಾದದ್ದು ಅದು ತಂದುಕೊಡುವ ಜಾಗತಿಕ ಮನ್ನಣೆ. ಮಳೆಯನ್ನೇ ನಂಬಿ ಬದುಕುವ ಒಕ್ಕಲುತನದ ಊರೊಂದರಲ್ಲಿ ಮುಸ್ಲಿಂ ಮಹಿಳೆಯರ ಮುಂದಾಳತ್ವದಲ್ಲಿ ಬೆಳೆದ ಸಂಘವೊಂದು ಸಿರಿಧಾನ್ಯದ ಬೀಜ ಕಾಪಾಡಿದ್ದಕ್ಕಾಗಿ ಲೋಕವೇ ತಿರುಗಿ ನೋಡಿದ ಆ ಕ್ಷಣ, ಕನ್ನಡ ನಾಡಿನ ಗ್ರಾಮೀಣ ಇತಿಹಾಸದಲ್ಲಿ ಅಪೂರ್ವವಾದುದು.

ಸಂಘ ಧರಿಸಿದ ಹೆಸರು ಅರೇಬಿಯಾದ್ದು. ಪ್ರವಾದಿಯವರ ಮಗಳು ಫಾತಿಮಾ. ಆಕೆಯ ತಾಯಿ ಖದೀಜಾ ಮೆಕ್ಕಾ ನಗರದ ಹೆಸರಾಂತ ವರ್ತಕಿ. ತನ್ನ ಸರಕನ್ನು ತನ್ನದೇ ಬಂಡವಾಳದಲ್ಲಿ ಸಿರಿಯಾದ ಕಡೆಗೆ ಕಳಿಸುತ್ತಿದ್ದ, ಆ ವ್ಯವಹಾರ ನೋಡಿಕೊಳ್ಳಲು ಗಂಡಸರನ್ನು ನೇಮಿಸಿಕೊಳ್ಳುತ್ತಿದ್ದ ಧೀಮಂತೆ. ಅರಬ್ ಸಮಾಜದ ಮಹಿಳಾ ನಾಯಕತ್ವದ ಚರಿತ್ರೆಗೆ ನಾಂದಿ ಹಾಡಬೇಕಾದವಳು ಆ ವ್ಯಾಪಾರಿ ತಾಯಿ. ಆಕೆಯ ಮಗಳ ಹೆಸರು ಹೊತ್ತ ಸಂಘವೊಂದು ಸಾವಿರದ ನಾನೂರು ವರ್ಷಗಳಾಚೆ, ಕೃಷ್ಣೆ-ತುಂಗಭದ್ರೆಯರ ನಡುವಣ ಬಯಲುಸೀಮೆಯಲ್ಲಿ, ಬೀಜವನ್ನೂ ಧಾನ್ಯವನ್ನೂ ಹಿಡಿದು ಮಾರುಕಟ್ಟೆಗೆ ಇಳಿದಿದೆ. ತೀರ್ಥದ ಸಂಘ ಹುಟ್ಟಿದ್ದು 2018ರಲ್ಲಿ. ಅದೇ ವರ್ಷದ ಜೂನ್ 24ರಂದು ಸೌದಿ ಅರೇಬಿಯಾದ ಮಹಿಳೆಯರಿಗೆ ವಾಹನ ಚಾಲನೆಯ ಹಕ್ಕು ದೊರೆಯಿತು. ಎರಡೂ ಒಂದೇ ಇಸವಿಯಲ್ಲಿ ಘಟಿಸಿದ್ದು ಕಾಕತಾಳೀಯ. ಆದರೂ ಇವೆರಡನ್ನು ಎದುರುಬದುರು ಇಟ್ಟು ನೋಡಿದಾಗ ಮಹಿಳಾ ಸಬಲೀಕರಣದ ಎರಡು ಭಿನ್ನ ಮಾರ್ಗಗಳು ನಿಚ್ಚಳವಾಗಿ ಗೋಚರಿಸುತ್ತವೆ.

ಅರಬ್ ನಾಡುಗಳಲ್ಲಿ ಕಳೆದ ಎರಡು ದಶಕಗಳ ಪರಿವರ್ತನೆ ವಿಸ್ಮಯಕರ. ಕುವೈತ್‌ನ ಮಹಿಳೆಯರು ಮತದಾನದ ಹಕ್ಕು ಪಡೆದದ್ದು 2005ರಲ್ಲಿ. ನಾಲ್ಕೇ ವರ್ಷಗಳಲ್ಲಿ ನಾಲ್ವರು ಮಹಿಳೆಯರು ಅಲ್ಲಿನ ಸಂಸತ್ತನ್ನು ಪ್ರವೇಶಿಸಿದರು. 2011ರಲ್ಲಿ ಯೆಮೆನ್‌ನ ಪತ್ರಕರ್ತೆ ತವಕ್ಕುಲ್ ಕರ್ಮಾನ್ ನೊಬೆಲ್ ಶಾಂತಿ ಪುರಸ್ಕಾರ ಪಡೆದ ಪ್ರಥಮ ಅರಬ್ ಮಹಿಳೆಯಾದರು. ಸಂಯುಕ್ತ ಅರಬ್ ಸಂಸ್ಥಾನ 2019ರಲ್ಲಿ ತನ್ನ ರಾಷ್ಟ್ರೀಯ ಸಭೆಯ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಆ ದೇಶದ ಹೋಪ್ ನೌಕೆ 2021ರ ಫೆಬ್ರವರಿಯಲ್ಲಿ ಮಂಗಳನ ಕಕ್ಷೆ ಸೇರಿದಾಗ ಯೋಜನೆಯ ವಿಜ್ಞಾನ ತಂಡದಲ್ಲಿ ಮಹಿಳೆಯರದೇ ಬಹುಮತವಿತ್ತು. ಅದರ ವೈಜ್ಞಾನಿಕ ಸಾರಥ್ಯ ವಹಿಸಿದ್ದವರು ಸಾರಾ ಅಲ್ ಅಮೀರಿ. ಅದೇ ವರ್ಷ ಟ್ಯುನೀಷಿಯಾದಲ್ಲಿ ನಜ್ಲಾ ಬೌದೆನ್ ಅರಬ್ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು. 2023ರ ಮೇ ತಿಂಗಳಲ್ಲಿ ಸೌದಿಯ ರಯ್ಯಾನಾ ಬರ್ನಾವಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದರು. ಇವೆಲ್ಲ ಭವ್ಯ ಶಿಖರಗಳೇ. ಆದರೆ ಶಿಖರದಿಂದ ಬಯಲಿಗಿಳಿದು ನೋಡಿದರೆ, ಅರಬ್ ಪ್ರದೇಶದ ಒಟ್ಟು ಮಹಿಳೆಯರಲ್ಲಿ ದುಡಿಮೆಯ ಕ್ಷೇತ್ರಕ್ಕೆ ಬಂದವರು ಈಗಲೂ ಐವರಲ್ಲಿ ಒಬ್ಬರು ಎಂಬಷ್ಟೇ. ಜಗತ್ತಿನಲ್ಲೇ ಅತ್ಯಂತ ಕಡಿಮೆ ಪ್ರಮಾಣವಿದು. ಅಲ್ಲಿನ ಬದಲಾವಣೆಯ ಬಹುಭಾಗ ಅರಮನೆಯ ಆಜ್ಞೆಯಾಗಿ ಮೇಲಿನಿಂದ ಬಂದದ್ದು. ಆಜ್ಞೆ ಬಾಗಿಲು ತೆರೆಯಬಲ್ಲದು. ಒಳಗೆ ಹೋದವಳ ಕೈಗೆ ಒಡೆತನ ಕೊಡಲು ಅದೊಂದೇ ಸಾಲದು.

ಧಾರವಾಡದ ಎರೆನಾಡಿನಲ್ಲಿ ಅರಮನೆಯಿಲ್ಲ, ಆಜ್ಞೆಯಿಲ್ಲ, ತೈಲ ಸಂಪತ್ತಂತೂ ಇಲ್ಲವೇ ಇಲ್ಲ. ಇಲ್ಲಿ ಇರುವುದು ಬಿರುಕು ಬಿಡುವ ಕಪ್ಪು ಮಣ್ಣು, ಮುಂಗಾರಿ-ಹಿಂಗಾರಿಗಳ ಅನಿಶ್ಚಿತತೆ, ಮತ್ತು ಹೆಂಗಸರ ಕೈ. ಆ ಕೈಗಳ ಸಾಧನೆಯ ಆರಂಭವನ್ನು ಹುಡುಕಿದರೆ ತೀರ್ಥದಿಂದ ನವಲಗುಂದಕ್ಕೆ, ಅಲ್ಲಿಂದ ಆದಿಲಶಾಹಿಗಳ ಬಿಜಾಪುರಕ್ಕೆ ಹೋಗಬೇಕಾಗುತ್ತದೆ.

ಹದಿನಾರನೆಯ ಶತಮಾನದ ಬಿಜಾಪುರವನ್ನು ನೆನೆದೊಡನೆ ಕಣ್ಮುಂದೆ ನಿಲ್ಲುವ ಮಹಾಮಹಿಳೆ ಚಾಂದಬೀಬಿ. ಅಹಮದನಗರದ ನಿಜಾಮಶಾಹಿ ಮನೆತನದಲ್ಲಿ 1550ರಲ್ಲಿ ಹುಟ್ಟಿ, ಒಂದನೆಯ ಅಲಿ ಆದಿಲಶಹನ ಕೈಹಿಡಿದು ಬಿಜಾಪುರಕ್ಕೆ ಬಂದ ಈಕೆ, 1580ರಲ್ಲಿ ಪತಿಯ ಹತ್ಯೆಯಾದಾಗ ಒಂಬತ್ತರ ಬಾಲಕ ಎರಡನೆಯ ಇಬ್ರಾಹಿಮನ ಪರವಾಗಿ ರಾಜ್ಯಭಾರದ ನೊಗ ಹೊತ್ತಳು. ಅರಬ್ಬಿ, ಫಾರ್ಸಿ, ತುರ್ಕಿ, ಮರಾಠಿಗಳ ಜೊತೆಗೆ ಕನ್ನಡವನ್ನೂ ಬಲ್ಲವಳೆಂದು ಚರಿತ್ರೆ ಅವಳನ್ನು ಸ್ಮರಿಸುತ್ತದೆ. ಅರಬ್ಬಿಯೂ ಕನ್ನಡವೂ ಒಂದೇ ನಾಲಿಗೆಯ ಮೇಲೆ ನಲಿದ ಆ ರಾಣಿ ಮುಂದೆ 1595-96ರಲ್ಲಿ ತವರು ಅಹಮದನಗರದ ಕೋಟೆಯ ಮೇಲೆ ತಾನೇ ನಿಂತು ಮೊಗಲರ ಸೈನ್ಯವನ್ನು ತಡೆದಳು. ಬಿಜಾಪುರದಲ್ಲಿ ಅವಳ ಹೆಸರಿನ ಚಾಂದ ಬಾವಡಿ ಇಂದಿಗೂ ಉಳಿದಿದೆ. ಕನ್ನಡ ನೆಲದಲ್ಲಿ ಮುಸ್ಲಿಂ ಮಹಿಳೆಯ ನಾಯಕತ್ವ ನಿನ್ನೆ ಮೊನ್ನೆಯ ವಿದ್ಯಮಾನವೆಂದು ಭಾವಿಸುವವರಿಗೆ ಆ ಬಾವಡಿಯ ದರ್ಶನವೇ ಸಾಕಾದೀತು.

ಚಾಂದಬೀಬಿಯ ಪತಿಯ ಕಾಲದಲ್ಲೇ ಬಿಜಾಪುರದಲ್ಲಿ ನೆಲೆಸಿದ್ದ ಜಮಖಾನ ನೇಕಾರರು, ವಿಜಯನಗರದೊಡನೆ ನಡೆದ ಕದನಗಳ ಕಾವು ತಾಳಲಾರದೆ ಸುರಕ್ಷಿತ ತಾಣ ಅರಸುತ್ತ ನವಲಗುಂದಕ್ಕೆ ಬಂದರೆಂಬುದು ಪರಂಪರೆಯ ನುಡಿ. ಅವರು ನೆಲೆನಿಂತ ಓಣಿಗೆ ಜಮಖಾನ ಗಲ್ಲಿಯೆಂದೇ ಹೆಸರು ಬಿತ್ತು. ಹತ್ತಿ ಬೆಳೆಯುವ ಎರೆಭೂಮಿ ಸುತ್ತಲೂ ಹಬ್ಬಿತ್ತು. ಕಲೆ ಬೇರೂರಲು ಅದಕ್ಕಿಂತ ಪ್ರಶಸ್ತವಾದ ಸ್ಥಳ ಇನ್ನೊಂದಿರಲಿಲ್ಲ. ಈ ಕಲೆಯ ಪರಮ ವೈಶಿಷ್ಟ್ಯವೆಂದರೆ ಇದನ್ನು ನೇಯುವವರು ಮಹಿಳೆಯರು. ಶೇಖ್ ಸೈಯದ್ ಸಮುದಾಯದ ಹೆಣ್ಣುಮಕ್ಕಳು, ಮನೆಯ ಹೊಸ್ತಿಲ ಒಳಗೆ, ತಲೆಮಾರುಗಳಿಂದ ಈ ವಿದ್ಯೆಯನ್ನು ಕಾಪಿಟ್ಟುಕೊಂಡು ಬಂದಿದ್ದಾರೆ. ಭಾರತದ ಹಲವು ನೇಕಾರ ಸಮುದಾಯಗಳಲ್ಲಿ ಗಂಡಸರು ನೇಯುವುದು, ಹೆಂಗಸರು ನೂಲು ಸುತ್ತಿ ಕೊಡುವುದು ವಾಡಿಕೆ. ನವಲಗುಂದದಲ್ಲಿ ಮಗ್ಗದ ಪಟ್ಟ ಹೆಣ್ಣಿನದು.

ಆ ಮಗ್ಗವೂ ಸಾಮಾನ್ಯ ಮಗ್ಗವಲ್ಲ. ಖಡಾವ್ ಮಗ್ಗವೆಂದು ಕರೆಸಿಕೊಳ್ಳುವ ಅದು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಹಾಸಿನ ದಾರಗಳನ್ನು ಮೇಲಿನಿಂದ ಕೆಳಕ್ಕೆ ಬಿಗಿದಿರುತ್ತಾರೆ. ಅದರ ಮುಂದೆ ಕುಳಿತ ನೇಕಾರ್ತಿ ಲಾಳಿಯನ್ನು ಬಳಸುವುದೇ ಇಲ್ಲ. ಬಣ್ಣ ಬಣ್ಣದ ಹತ್ತಿ ದಾರದ ಸಣ್ಣ ಉಂಡೆಗಳನ್ನು ಬೆರಳಿನಿಂದಲೇ ಹಾಸಿನ ಎಳೆಗಳ ನಡುವೆ ತೂರಿಸಿ, ಎಲ್ಲಿ ಬಣ್ಣ ಬದಲಾಗಬೇಕೋ ಅಲ್ಲಿ ಒಂದು ಎಳೆಯನ್ನು ಇನ್ನೊಂದಕ್ಕೆ ತೊಡರಿಸಿ, ಪಂಜಾ ಎಂಬ ಹಲ್ಲುಗಳುಳ್ಳ ಸಲಕರಣೆಯಿಂದ ಬಲವಾಗಿ ಬಡಿದು ಕೂಡಿಸುತ್ತಾಳೆ. ಹೊಕ್ಕಿನ ದಟ್ಟಣೆಯಲ್ಲಿ ಹಾಸು ಪೂರ್ತಿ ಮರೆಯಾಗುತ್ತದೆ. ಹೀಗೆ ಸಿದ್ಧವಾದ ಜಮಖಾನಕ್ಕೆ ಒಳಮೈ ಹೊರಮೈ ಎಂಬ ಭೇದವಿಲ್ಲ. ಎರಡೂ ಬದಿಯಲ್ಲಿ ಅದೇ ವಿನ್ಯಾಸ, ಅದೇ ಕಾಂತಿ. ದೊಡ್ಡ ಹಾಸುಗಳಿಗೆ ಹೆಂಗಸರು ಪಕ್ಕಪಕ್ಕದಲ್ಲಿ ಕುಳಿತು, ಒಬ್ಬರ ಕೈಗೆ ಇನ್ನೊಬ್ಬರ ಕೈ ಹೊಂದಿಸಿ ನೇಯುತ್ತಾರೆ. ನವಿಲು, ಪಗಡೆಯ ಹಾಸು, ನಕ್ಷತ್ರಗಳು, ಚೌಕಟ್ಟಿನೊಳಗೆ ಚೌಕಟ್ಟು ಹೂಡಿದ ಜ್ಯಾಮಿತಿ ಇವೆಲ್ಲ ಕಾಗದದ ಮೇಲೆ ಇರುವುದಕ್ಕಿಂತ ನೇಕಾರ್ತಿಯರ ನೆನಪಿನಲ್ಲಿ, ಎಳೆಗಳ ಎಣಿಕೆಯಲ್ಲಿ ನೆಲೆಸಿವೆ.

ನೆಲಕ್ಕೆ ಹಾಸುವ ಜಮಖಾನ, ಪಟ್ಟೆಪಟ್ಟೆಯ ಗುಡ್ಡರ, ನಮಾಜಿಗೆಂದೇ ನೇಯುವ ಜಾನಮಾಜ್ ಎಂದು ಇದರ ಉತ್ಪನ್ನಗಳು ಮೂರು ಬಗೆ. ಮೂರನ್ನೂ ನೇಯುವುದು ಅದೇ ಕೈ. ಹಿಂದೂ ಮನೆಯ ಮದುವೆಯಲ್ಲಿ ಬೀಗರು ಕೂರುವ ಪಗಡೆ ವಿನ್ಯಾಸದ ಹಾಸೂ ಮೆಕ್ಕಾದ ದಿಕ್ಕಿಗೆ ಹಾಸುವ ಪ್ರಾರ್ಥನೆಯ ಚಾಪೆಯೂ ಒಂದೇ ಮಗ್ಗದಿಂದ ಇಳಿಯುವ ಈ ಸೊಬಗು ಉತ್ತರ ಕರ್ನಾಟಕದ ಸಹಬಾಳ್ವೆಯ ಸಾಕ್ಷಿ. ಇದೇ ತಾಲ್ಲೂಕಿನ ಯಮನೂರಿನ ಜಾತ್ರೆಗೆ ಎರಡೂ ಧರ್ಮದ ಜನ ಇಂದಿಗೂ ಒಂದಾಗಿ ನೆರೆಯುತ್ತಾರೆ.

ಈ ವಿದ್ಯೆಗೊಂದು ಕಟ್ಟುಪಾಡೂ ಇತ್ತು. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ನೇಯ್ಗೆಯ ಗುಟ್ಟು ಅವಳ ಬೆನ್ನಿಗೇ ಹೋದೀತೆಂಬ ಆತಂಕದಿಂದ, ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವುದು ರೂಢಿಯಾಯಿತು. ವಿದ್ಯೆ ಊರು ಬಿಟ್ಟು ಹೋಗಲಿಲ್ಲ, ನಿಜ. ಆದರೆ ಕಾಲ ತಿರುಗಿದಾಗ ಅದೇ ಕಾವಲು ವಿದ್ಯೆಗೆ ಮುಳುವಾಯಿತು. ಯಂತ್ರದ ಅಗ್ಗದ ಹಾಸುಗಳು ಸಂತೆಯಲ್ಲಿ ರಾಶಿ ಬಿದ್ದವು. ದಿನಗಟ್ಟಲೆ ಬೆನ್ನು ಬಗ್ಗಿಸಿದ ಕೆಲಸಕ್ಕೆ ಸಿಗುವ ಕೂಲಿ ಹೊಲದ ಕೂಲಿಗೂ ಸಮವಾಗಲಿಲ್ಲ. ಸೊಸೆಯಂದಿರು ಕಲಿಯಲು ಹಿಂಜರಿದರು. ಹೊರಗೆ ಕಲಿತವರಂತೂ ಯಾರೂ ಇರಲಿಲ್ಲ. ಹೀಗೆ ಗಲ್ಲಿಯ ತುಂಬ ಇದ್ದ ಮಗ್ಗಗಳು ಬೆರಳೆಣಿಕೆಗೆ ಇಳಿದವು.

2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಮೈಸೂರು ರೇಷ್ಮೆ, ಚನ್ನಪಟ್ಟಣದ ಬೊಂಬೆ, ಇಳಕಲ್ ಸೀರೆಗಳ ಸಾಲಿಗೆ ನವಲಗುಂದವೂ ಸೇರಿತು. ಆ ವರ್ಷವೇ ಅರಬ್ ಜಗತ್ತಿನಲ್ಲೊಂದು ಸಮಾನಾಂತರ ಸಂಗತಿ ನಡೆಯಿತು. ಸಂಯುಕ್ತ ಅರಬ್ ಸಂಸ್ಥಾನದ ಬೆದೂಯಿನ್ ಹೆಂಗಸರು ಕುರಿ, ಮೇಕೆ, ಒಂಟೆಗಳ ಉಣ್ಣೆಯಿಂದ ನೇಯುವ ಅಲ್ ಸದು ಎಂಬ ನೇಯ್ಗೆಯನ್ನು ಯುನೆಸ್ಕೊ ತುರ್ತಾಗಿ ರಕ್ಷಿಸಬೇಕಾದ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿತು. ಸದು ಮಗ್ಗವನ್ನು ನೆಲದ ಮೇಲೆ ಮಲಗಿಸಿ ಹೂಡುತ್ತಾರೆ, ನವಲಗುಂದದ್ದು ನಿಲ್ಲಿಸಿದ ಮಗ್ಗ. ಅಲ್ಲಿ ಗುಡಾರಕ್ಕೂ ಒಂಟೆಯ ಬೆನ್ನಿಗೂ ನೇಯುತ್ತಾರೆ, ಇಲ್ಲಿ ಮನೆಯ ಪಡಸಾಲೆಗೆ. ಆದರೆ ಎರಡರಲ್ಲೂ ಜ್ಯಾಮಿತಿಯ ಅದೇ ಲಯ, ಎರಡರಲ್ಲೂ ನೇಯುವವಳು ಹೆಣ್ಣು. ಮುಖ್ಯವಾದ ಒಂದು ಭೇದವುಂಟು: ಸದು ವಿದ್ಯೆ ತಾಯಿಯಿಂದ ಮಗಳಿಗೆ ಹರಿಯುತ್ತದೆ, ಮತ್ತು ಇಂದು ಕೊಲ್ಲಿ ರಾಷ್ಟ್ರಗಳಲ್ಲಿ ಹಿರಿಯ ನೇಕಾರ್ತಿಯರನ್ನು ಗುರುಗಳ ಸ್ಥಾನದಲ್ಲಿ ಕೂರಿಸಿ ಹೊಸ ಪೀಳಿಗೆಗೆ ಕಲಿಸುವ ಕೆಲಸ ಸಾಗಿದೆ. ಕುವೈತ್‌ನ ಸದು ಹೌಸ್ ಅದಕ್ಕೆ ಮುಡಿಪಾದ ಸಂಸ್ಥೆ. ನವಲಗುಂದದ ನೇಕಾರ್ತಿಯರು ಅರ್ಹರಾಗಿರುವುದು ಅಂಥದೇ ಗುರುಸ್ಥಾನಕ್ಕೆ. ಭೌಗೋಳಿಕ ಸೂಚಿಕೆಯ ನೋಂದಣಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ನೇಕಾರ್ತಿಯ ಹೆಸರು ಹಾಸಿನ ಮೂಲೆಯಲ್ಲೂ ಇಲ್ಲ. ಕಲೆ ಆಕೆಯದು, ಮುದ್ರೆ ಮತ್ತೊಬ್ಬರದು ಎಂಬ ಈ ಅಂತರವೇ ಜಮಖಾನದ ಸಂಕಟದ ಮೂಲವೆಂಬುದು ಈ ಲೇಖನದ ನಿಶ್ಚಿತ ಅಭಿಪ್ರಾಯ.

ಕುಂದಗೋಳದ ಕಡೆಗೆ ಮರಳುವ ಮುನ್ನ ಆ ಊರಿನ ಇನ್ನೊಂದು ಹೆಣ್ಣು ಹೆಜ್ಜೆಯನ್ನು ಸ್ಮರಿಸದೆ ಮುಂದೆ ಹೋಗಲಾಗದು. ಕಿರಾನಾ ಘರಾಣೆಯ ಮಹಾಗಾಯಕ ಸವಾಯಿ ಗಂಧರ್ವರ ಊರು ಕುಂದಗೋಳ. ಅವರಲ್ಲಿ ಪಾಠ ಹೇಳಿಸಿಕೊಳ್ಳಲು ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದವರು ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಜಾತಿಯ ಅವಹೇಳನವನ್ನೂ ಬಡತನವನ್ನೂ ಉಂಡು, ಪುರುಷರೇ ಮೆರೆಯುತ್ತಿದ್ದ ಖಯಾಲ್ ಗಾಯನದ ವೇದಿಕೆಯಲ್ಲಿ ತಮ್ಮ ಗಂಭೀರ ಕಂಠದಿಂದ ಸಾಮ್ರಾಜ್ಯ ಕಟ್ಟಿದ ಆ ತಾಯಿಗೆ 2002ರಲ್ಲಿ ಪದ್ಮವಿಭೂಷಣ ಸಂದಿತು. ಕುಂದಗೋಳದ ಮಣ್ಣಿಗೆ ಹೆಣ್ಣಿನ ಸಾಧನೆ ಹೊಸತಲ್ಲ. 2019ರ ಉಪಚುನಾವಣೆಯಲ್ಲಿ ಈ ವಿಧಾನಸಭಾ ಕ್ಷೇತ್ರ ಕುಸುಮಾ ಶಿವಳ್ಳಿ ಅವರನ್ನು ಆರಿಸಿ ಕಳಿಸಿದ್ದನ್ನೂ ಇಲ್ಲಿ ಉಲ್ಲೇಖಿಸಬಹುದು.

ಹಾಗಿದ್ದರೂ ತೀರ್ಥದಲ್ಲಿ ನಡೆದದ್ದು ಬೇರೆಯದೇ ಜಾತಿಯ ಘಟನೆ. ಒಬ್ಬ ಅಸಾಧಾರಣ ವ್ಯಕ್ತಿಯ ಉತ್ಕರ್ಷ ಅದಲ್ಲ, ಸಾಧಾರಣ ಹೆಂಗಸರ ಸಾಂಘಿಕ ಉತ್ಥಾನ. ಅದರ ಹಿಂದೆ ಕರ್ನಾಟಕದ್ದೇ ಆದ ಒಂದು ಸುದೀರ್ಘ ಸಿದ್ಧತೆಯಿದೆ. ಹಳ್ಳಿಯ ಹೆಂಗಸರು ಗುಂಪು ಕಟ್ಟಿ, ವಾರವಾರ ಉಳಿತಾಯ ಮಾಡಿ, ತಮ್ಮಲ್ಲೇ ಸಾಲ ಕೊಟ್ಟುಕೊಳ್ಳುವ ಸ್ವಸಹಾಯ ಸಂಘದ ಪರಿಕಲ್ಪನೆ ಎಂಬತ್ತರ ದಶಕದಲ್ಲಿ ಮೊಳೆತದ್ದು ಮೈರಾಡ ಸಂಸ್ಥೆಯ ಮೂಲಕ ಇದೇ ರಾಜ್ಯದಲ್ಲಿ. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸಿತು. 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿದ ಮೇಲೆ ಸಂಘವಿಲ್ಲದ ಹಳ್ಳಿಯೇ ಇಲ್ಲವೆಂಬಂತಾಯಿತು. ಪಂಚಾಯಿತಿಗಳಲ್ಲೂ ಕರ್ನಾಟಕ ಮುಂದಿತ್ತು. ದೇಶಕ್ಕೆ ಮೂರನೆಯ ಒಂದು ಭಾಗದ ಮಹಿಳಾ ಮೀಸಲಾತಿ ಬರುವ ಮೊದಲೇ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಇಲ್ಲಿ ಕಾಲುಭಾಗ ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲಾಗಿದ್ದವು. 2010ರಲ್ಲಿ ಅದು ಅರ್ಧಕ್ಕೆ ಏರಿತು. ಸಂಘದ ಸಭೆಯಲ್ಲಿ ಎದ್ದು ನಿಂತು ಮಾತನಾಡುವ, ಬ್ಯಾಂಕಿನ ಕೌಂಟರಿನಲ್ಲಿ ಅಂಜದೆ ಸಹಿ ಹಾಕುವ ಆತ್ಮವಿಶ್ವಾಸ ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ.

ತೀರ್ಥದ ಕೃಷಿಯ ಪಾಡು ಬಯಲುಸೀಮೆಯ ನೂರಾರು ಊರುಗಳ ಪಾಡೇ ಆಗಿತ್ತು. ಒಂದು ಕಾಲದಲ್ಲಿ ಈ ಸೀಮೆಯ ಹೊಲಗಳಲ್ಲಿ ನವಣೆ, ಸಾವೆ, ಬರಗು, ಹಾರಕ, ಊದಲು, ಕೊರಲೆ ಬೆಳೆಯುತ್ತಿದ್ದವು. ಜೋಳದ ನಡುವೆ ಅಕ್ಕಡಿ ಸಾಲುಗಳಲ್ಲಿ ತೊಗರಿ, ಹೆಸರು, ಅಲಸಂದಿ ನಿಲ್ಲುತ್ತಿದ್ದವು. ಬಿತ್ತನೆಯ ಬೀಜವನ್ನು ಆರಿಸಿ, ಬೂದಿ-ಬೇವಿನಲ್ಲಿ ಹದ ಮಾಡಿ, ಗಡಿಗೆಯಲ್ಲಿ ತುಂಬಿಡುವ ಹೊಣೆ ಮನೆಯ ಹಿರಿಯ ಹೆಂಗಸಿನದು. ಯಾವ ಹೊಲಕ್ಕೆ ಯಾವ ತಳಿಯೆಂದು ಆಕೆ ಹೇಳಿದ್ದೇ ಅಂತಿಮ. ಬಿ.ಟಿ. ಹತ್ತಿ ಮತ್ತು ಗೋವಿನಜೋಳದ ಪ್ಯಾಕೆಟ್ ಬೀಜಗಳು ಬಂದಾಗ ಬೆಳೆಯ ಜೊತೆಗೆ ಆ ಅಧಿಕಾರವೂ ಆಕೆಯ ಕೈಜಾರಿತು. ಬೀಜ ಅಂಗಡಿಗೆ ಹೋಯಿತು, ನಿರ್ಧಾರ ಗಂಡಸಿನ ಜೇಬಿಗೆ ಹೋಯಿತು, ಮಳೆ ಕೈಕೊಟ್ಟ ವರ್ಷ ಸಾಲ ಮಾತ್ರ ಮನೆಯಲ್ಲಿ ಉಳಿಯಿತು. ಕೃಷಿಯ ಬಿಕ್ಕಟ್ಟನ್ನು ಕುರಿತ ಬರವಣಿಗೆಗಳಲ್ಲಿ ಈ ಅಧಿಕಾರಚ್ಯುತಿಯ ಪ್ರಸ್ತಾಪ ವಿರಳ. ಬೀಜ ಕಳೆದುಕೊಂಡದ್ದು ರೈತ ಮಾತ್ರವಲ್ಲ. ಅವನಿಗಿಂತ ಮೊದಲು ರೈತನ ಮನೆಯ ಹೆಣ್ಣು.

ಬೀಬಿ ಫಾತಿಮಾ ಸಂಘದ ಮಹತ್ವ ಅಡಗಿರುವುದು ಇಲ್ಲಿಯೇ. ಬೀಬಿಜಾನ್ ಹಳೇಮನಿ ಅವರ ನೇತೃತ್ವದಲ್ಲಿ ಸುಮಾರು 15 ಮಹಿಳೆಯರು ಕೂಡಿ ಕಟ್ಟಿದ ಈ ಸಂಘ, ಉಳಿತಾಯ-ಸಾಲಗಳ ಪರಿಧಿಯನ್ನು ದಾಟಿ ಬೀಜಕ್ಕೆ ಕೈಯಿಟ್ಟಿತು. ದೇಸಿ ಬೀಜಗಳ ಸಂರಕ್ಷಣೆಯಲ್ಲಿ ನಾಡಿನಾದ್ಯಂತ ಹೆಸರು ಮಾಡಿದ ಸಹಜ ಸಮೃದ್ಧ ಸಂಸ್ಥೆ ಮಾರ್ಗದರ್ಶನಕ್ಕೆ ನಿಂತಿತು. ಸಂಘ ಸಮುದಾಯ ಬೀಜ ಬ್ಯಾಂಕ್ ತೆರೆದು, ಮರೆಯಾಗುತ್ತಿದ್ದ ಸಿರಿಧಾನ್ಯ, ದ್ವಿದಳ, ಎಣ್ಣೆಕಾಳು, ತರಕಾರಿ ತಳಿಗಳನ್ನು ಮನೆಮನೆಗಳಿಂದ ಹುಡುಕಿ ತಂದಿತು. ಸುತ್ತಲಿನ ಹತ್ತಾರು ಹಳ್ಳಿಗಳ ರೈತರಿಗೆ ಬಿತ್ತಲು ಕೊಟ್ಟಿತು. ಸಮುದಾಯ ಬೀಜ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ನಡೆಯುವ ಪದ್ಧತಿ ಸರಳವೂ ಸುಂದರವೂ ಆದುದು: ಬಿತ್ತನೆಗೆ ಒಂದು ಸೇರು ಬೀಜ ಒಯ್ದವರು ಸುಗ್ಗಿಯಲ್ಲಿ ಎರಡು ಸೇರು ತಂದೊಪ್ಪಿಸುತ್ತಾರೆ. ಅಲ್ಲಿ ಬಡ್ಡಿ ಹಣವಾಗಿ ಬರುವುದಿಲ್ಲ, ಬೀಜವಾಗಿ ಬರುತ್ತದೆ. ನವಲಗುಂದದಲ್ಲಿ ಗುಟ್ಟಾಗಿಟ್ಟದ್ದರಿಂದ ಕ್ಷೀಣಿಸಿದ ವಿದ್ಯೆಯನ್ನೂ ತೀರ್ಥದಲ್ಲಿ ಹಂಚಿದ್ದರಿಂದ ವೃದ್ಧಿಸಿದ ಬೀಜವನ್ನೂ ಜೊತೆಗಿಟ್ಟು ನೋಡಿದಾಗ ಈ ಜಿಲ್ಲೆಯ ಮಹಿಳಾ ಚರಿತ್ರೆಯ ನಡೆಯೇ ಮನದಟ್ಟಾಗುತ್ತದೆ.

ಬೀಜದ ಬೆನ್ನಿಗೆ ಬಂದದ್ದು ಯಂತ್ರ. ಸಿರಿಧಾನ್ಯ ಹಿಂದೆ ಸರಿಯಲು ಒಂದು ಪ್ರಬಲ ಕಾರಣ ಅದರ ಸಿಪ್ಪೆ. ಜೋಳ, ಸಜ್ಜೆ, ರಾಗಿಗಳನ್ನು ನೇರವಾಗಿ ಬೀಸಬಹುದು. ನವಣೆ, ಸಾವೆ, ಹಾರಕಗಳ ಕಾಳಿಗೆ ಅಂಟಿಕೊಂಡ ಗಡಸು ಹೊಟ್ಟನ್ನು ಮೊದಲು ಬಿಡಿಸಬೇಕು. ಒನಕೆ ಒರಳಿನ ಕಾಲದಲ್ಲಿ ಆ ಶ್ರಮವೆಲ್ಲ ಹೆಂಗಸರ ತೋಳಿನ ಮೇಲೆ ಬೀಳುತ್ತಿತ್ತು. ಮಿಲ್ಲಿನ ಅಕ್ಕಿ ಬಂದೊಡನೆ ಅವರು ನಿಟ್ಟುಸಿರು ಬಿಟ್ಟು ಒನಕೆ ಮೂಲೆಗಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಸಿರಿಧಾನ್ಯ ಮರಳಿ ಊಟದ ತಾಟಿಗೆ ಬರಬೇಕಾದರೆ ಸಂಸ್ಕರಣೆಯ ಯಂತ್ರ ಹಳ್ಳಿಯಲ್ಲೇ ಇರಬೇಕು. ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಸೆಲ್ಕೊ ಫೌಂಡೇಶನ್ ಮೊದಲಾದವುಗಳ ನೆರವಿನಿಂದ ತೀರ್ಥದಲ್ಲಿ ಅಂಥ ಘಟಕ ತಲೆಯೆತ್ತಿತು. ಅದನ್ನು ನಡೆಸುವವರು ಸಂಘದ ಮಹಿಳೆಯರೇ. ಕಲ್ಲು ಆರಿಸುವುದು, ಕಾಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವುದು, ಹೊಟ್ಟು ಬಿಡಿಸುವುದು, ಚೀಲ ತುಂಬಿ ತೂಗುವುದು, ದರ ನಿಗದಿ ಮಾಡುವುದು, ಇಷ್ಟೂ ಹೆಂಗಸರ ಕೈಯಲ್ಲಿ ಸಾಗುತ್ತದೆ. ಹೊಲದ ಬೀಜದಿಂದ ಪೇಟೆಯ ಪ್ಯಾಕೆಟ್‌ವರೆಗೆ ಒಂದೇ ಸರಪಳಿ, ಆ ಸರಪಳಿಯ ಎರಡೂ ತುದಿ ಅವರದೇ ಮುಷ್ಟಿಯಲ್ಲಿ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸುವ ಹೊತ್ತಿಗೆ, ನಗರದ ಜನ ನವಣೆಯ ಉಪ್ಪಿಟ್ಟಿನ ಮಹಿಮೆ ಅರಿಯತೊಡಗುವ ಮೊದಲೇ, ತೀರ್ಥ ತನ್ನ ನೆಲ ಹದ ಮಾಡಿಕೊಂಡಿತ್ತು.

ಕಡಿಮೆ ನೀರಿಗೆ ಬೆಳೆದು, ಬಡ ಮಣ್ಣಿನಲ್ಲೂ ತೆನೆ ಹೊತ್ತು, ಎರಡರಿಂದ ನಾಲ್ಕು ತಿಂಗಳಲ್ಲೇ ಕೊಯ್ಲಿಗೆ ಬರುವ ಈ ಧಾನ್ಯಗಳು ಹವಾಮಾನ ವೈಪರೀತ್ಯದ ಯುಗಕ್ಕೆ ಹೇಳಿ ಮಾಡಿಸಿದ ಬೆಳೆಗಳು. ನಾಲ್ಕಾರು ಬಗೆಯ ಕಾಳನ್ನು ಒಂದೇ ಹೊಲದಲ್ಲಿ ಬಿತ್ತಿದವನಿಗೆ ಮಳೆ ತಡವಾದರೂ ಒಂದಾದರೂ ಕೈಗೆ ಬರುತ್ತದೆ. ಈಕ್ವೇಟರ್ ಪ್ರಶಸ್ತಿಯ ತೀರ್ಪುಗಾರರು ಮನಗಂಡದ್ದು ಇದನ್ನೇ. ಪ್ರಕೃತಿಯನ್ನು ಆಶ್ರಯಿಸಿಯೇ ಹವಾಮಾನದ ಸಂಕಟಕ್ಕೆ ಉತ್ತರ ಹುಡುಕಿದ ಸಮುದಾಯಗಳಿಗೆ ಆ ವರ್ಷದ ಗೌರವ ಸಲ್ಲಬೇಕಿತ್ತು, ಕುಂದಗೋಳದ ಹೆಂಗಸರು ಆ ಉತ್ತರವನ್ನು ಗಡಿಗೆಯಲ್ಲಿ ತುಂಬಿಟ್ಟುಕೊಂಡಿದ್ದರು.

ಅರಬ್ ನೆಲದಲ್ಲೂ ಬೀಜ ಕಾಯುವ ಹೆಣ್ಣೊಬ್ಬಳಿದ್ದಾಳೆ. ಪ್ಯಾಲೆಸ್ಟೀನಿನ ವಿವಿಯನ್ ಸಾನ್ಸೂರ್ 2014ರಲ್ಲಿ ಪ್ಯಾಲೆಸ್ಟೀನ್ ಪಾರಂಪರಿಕ ಬೀಜ ಗ್ರಂಥಾಲಯವನ್ನು ಸ್ಥಾಪಿಸಿ, ಯುದ್ಧ ಮತ್ತು ಆಕ್ರಮಣದ ನಡುವೆ ಅಳಿದುಹೋಗುತ್ತಿದ್ದ ಕಲ್ಲಂಗಡಿ, ಗೋಧಿ, ಕ್ಯಾರೆಟ್‌ಗಳ ದೇಸಿ ತಳಿಗಳನ್ನು ರೈತರ ಮನೆಗಳಿಂದ ಸಂಗ್ರಹಿಸಿ ಮತ್ತೆ ರೈತರಿಗೇ ಹಂಚಿದರು. ಬತ್ತೀರ್ ಎಂಬ ಬೆಟ್ಟದ ಹಳ್ಳಿ ಆ ಕಾರ್ಯದ ನೆಲೆ. ಬತ್ತೀರ್‌ಗೂ ತೀರ್ಥಕ್ಕೂ ಯಾವ ಸಂಪರ್ಕವೂ ಇಲ್ಲದಿರಬಹುದು, ಕಾರ್ಯದ ಧಾತು ಮಾತ್ರ ಒಂದೇ. ಮಂಗಳಗ್ರಹದ ನೌಕೆಗೆ ದೊರೆತ ಪ್ರಚಾರದ ಒಂದಂಶವೂ ಇಂಥ ಕೆಲಸಗಳಿಗೆ ದೊರೆಯುವುದಿಲ್ಲ. ಅರಬ್ ಮಹಿಳೆಯ ನಾಯಕತ್ವವನ್ನು ಅರಿಯಬೇಕಾದವರು ದುಬೈಯ ಗಗನಚುಂಬಿಗಳ ಜೊತೆಗೆ ಬತ್ತೀರ್‌ನ ಮೆಟ್ಟಿಲು ಹೊಲಗಳನ್ನೂ ನೋಡಬೇಕು.

2025 ಕನ್ನಡದ ಮುಸ್ಲಿಂ ಮಹಿಳೆಯರ ಪಾಲಿಗೆ ಸ್ಮರಣೀಯ ಸಂವತ್ಸರ. ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬುಕರ್ ಸಂದಿತು. ಅದಕ್ಕೂ ಆರು ವರ್ಷ ಹಿಂದೆ ಇದೇ ಪ್ರಶಸ್ತಿಯನ್ನು ಒಮಾನಿನ ಜೋಖಾ ಅಲ್‌ಹಾರ್ತಿ ಪಡೆದು ಅರಬ್ಬಿ ಭಾಷೆಗೆ ಆ ಗೌರವ ತಂದ ಮೊದಲಿಗರಾಗಿದ್ದರು. ಮೇ ತಿಂಗಳಲ್ಲಿ ಲಂಡನ್ನಿನ ವೇದಿಕೆಯಲ್ಲಿ ಮೊಳಗಿದ ಕನ್ನಡದ ಹೆಸರಿಗೂ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕಂಗೊಳಿಸಿದ ತೀರ್ಥದ ಹೆಸರಿಗೂ ಮೂರು ತಿಂಗಳಷ್ಟೇ ಅಂತರ. ಒಂದು ಅಕ್ಷರದ ಗೆಲುವು, ಇನ್ನೊಂದು ಕಾಳಿನ ಗೆಲುವು. ಮೊದಲನೆಯದನ್ನು ನಾಡು ಹಬ್ಬವಾಗಿ ಆಚರಿಸಿತು. ಎರಡನೆಯದಕ್ಕೂ ಅಷ್ಟೇ ಸಡಗರದ ಸ್ವಾಗತ ಸಲ್ಲಬೇಕಿತ್ತು.

ನವಲಗುಂದದ ಮಗ್ಗಗಳ ಮುಂದೆ ಈಗಲೂ ಕೆಲವು ಕೈಗಳು ಪಂಜಾ ಹಿಡಿದಿವೆ. ತೀರ್ಥ ತೋರಿದ ಹಾದಿ ಅಲ್ಲಿಗೂ ಅನ್ವಯವಾಗಲು ಅಡ್ಡಿಯೇನಿಲ್ಲ. ನೇಕಾರ್ತಿಯರದೇ ಉತ್ಪಾದಕ ಕಂಪನಿ ರಚನೆಯಾಗಲಿ, ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರ ಪಟ್ಟಿಯಲ್ಲಿ ಒಬ್ಬೊಬ್ಬ ನೇಕಾರ್ತಿಯ ಹೆಸರೂ ದಾಖಲಾಗಲಿ. ಸೊಸೆಯ ಜೊತೆಗೆ ಮಗಳೂ, ಓಣಿಯಾಚೆಯ ಹುಡುಗಿಯರೂ ಕುಳಿತು ಕಲಿಯುವ ತರಬೇತಿ ಶಾಲೆಗೆ ಹಿರಿಯ ನೇಕಾರ್ತಿಯರೇ ಗೌರವಧನ ಪಡೆಯುವ ಗುರುಗಳಾಗಲಿ. ಬೀಜ ಬ್ಯಾಂಕಿಗೆ ಬಂದ ನೆರವಿನಲ್ಲಿ ಅರ್ಧದಷ್ಟು ಬಂದರೂ ಇವೆಲ್ಲ ಸಾಧ್ಯ. ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸವೊಂದುಂಟು: ಮನೆಯ ಮುಂದಿನ ಶುಭಕಾರ್ಯಕ್ಕೆ ಹಾಸು ಕೊಳ್ಳುವಾಗ ನವಲಗುಂದದ ಅಸಲಿ ಜಮಖಾನವನ್ನೇ ಕೇಳಿ ಪಡೆಯುವುದು, ಅದನ್ನು ನೇಯ್ದವಳ ಹೆಸರನ್ನೂ ವಿಚಾರಿಸುವುದು.